ಮಾಳಿಗೆಗೆ ಸುಣ್ಣ, ಮಾಳಿಗೆಯಿಂದ ನೀರು: ಎರೆಸೀಮೆಯ ಮನೆಯಲ್ಲಿ ಮಾಡಿದ ಕ್ರಮ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಿಸಿಲಿಗೆ ಹೆದರಿ ಮಾಳಿಗೆಗೆ ಬಿಳಿ ಬಳಿಯುವವರು ಇದ್ದಾರೆ, ನಳದ ನೀರು ಹಲವು ದಿನಕ್ಕೊಮ್ಮೆ ಬರುತ್ತದೆಂದು ಮಳೆನೀರು ಹಿಡಿಯುವವರೂ ಇದ್ದಾರೆ. ಎರಡನ್ನೂ ಒಂದೇ ಕೆಲಸವೆಂದು ನೋಡುವವರು ಕಡಿಮೆ. ಬಿರುಕು ಮುಚ್ಚದೆ ಸುಣ್ಣ ಬಳಿದರೆ ಸೋರಿಕೆ ಎಲ್ಲಿಂದ ಅಂತ ಆಮೇಲೆ ಗೊತ್ತಾಗುವುದಿಲ್ಲ. ಸುಣ್ಣ ಗಟ್ಟಿಯಾಗುವ ಮೊದಲೇ ಪೈಪನ್ನು ಟ್ಯಾಂಕಿಗೆ ಜೋಡಿಸಿದರೆ ಮೊದಲ ಮಳೆಗೆ ಟ್ಯಾಂಕಿನಲ್ಲಿ ಸುಣ್ಣದ ತಿಳಿ ತುಂಬುತ್ತದೆ. ಟ್ಯಾಂಕು ತುಂಬಿ ಚೆಲ್ಲುವ ನೀರಿಗೆ ದಾರಿ ಮಾಡದಿದ್ದರೆ ಎರೆ ಮಣ್ಣು (ಹತ್ತಿ ಬೆಳೆಯುವ ಕಪ್ಪು ಮಣ್ಣು) ಅದನ್ನು ಕುಡಿದು ಬುನಾದಿಯನ್ನೇ ಅಲುಗಾಡಿಸುತ್ತದೆ. ಆದ್ದರಿಂದ ನಾನು ಮಾಡಿದ ಕ್ರಮ ಇದು: ವಾಟ (ನೀರು ಹರಿಯಲು ಕೊಟ್ಟ ಇಳಿಜಾರು) ಮತ್ತು ಬಿರುಕು, ಸುಣ್ಣ, ಪೈಪು, ಟ್ಯಾಂಕು, ಹೆಚ್ಚಾದ ನೀರಿನ ದಾರಿ. ಲೆಕ್ಕಕ್ಕೆ 1000 ಚದರಡಿ, ಅಂದರೆ ಸುಮಾರು 93 ಚದರ ಮೀಟರಿನ ಆರ್‌ಸಿಸಿ ಮಾಳಿಗೆ ಹಿಡಿದಿದ್ದೇನೆ.

ಕಾಲದ ಲೆಕ್ಕವೂ ಮುಖ್ಯ. ಹೋಳಿ ಹುಣ್ಣಿಮೆಯ ಆಸುಪಾಸು ಬಿರುಕಿನ ಕೆಲಸ, ಅದು ಒಣಗಿದ ಮೇಲೆ ಸುಣ್ಣ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗಳು ಸಡಿಲ ಸುಣ್ಣವನ್ನು ಪುಕ್ಕಟೆ ತೊಳೆದುಕೊಡುತ್ತವೆ. ಆ ನೀರು ಹಿಡಿಯುವುದು ಬೇಡ. ಮೇ ಕೊನೆಗೆ ರೋಹಿಣಿ ಮಳೆ ಕೂಡುವಷ್ಟರಲ್ಲಿ ಪೈಪು, ಡ್ರಮ್ಮು ತಯಾರಿರಬೇಕು.

ವಾಟ ಮತ್ತು ಬಿರುಕು

ಗೌಂಡಿಯನ್ನು ಕೇಳಿದರೆ "ವಾಟ ಬರೋಬ್ಬರಿ ಐತ್ರೀ" ಅನ್ನುತ್ತಾನೆ. ನೀರೇ ಹೇಳಲಿ. ಕೊಳವೆ ಬಾಯಿಗಳಿಗೆ ಬಟ್ಟೆ ತುರುಕಿ ಮಾಳಿಗೆಯ ಒಂದು ಭಾಗಕ್ಕೆ ಉಸುಕಿನ ಚೀಲದ ಒಡ್ಡು ಹಾಕಿ, ಒಂದಿಂಚು ನೀರು ಒಂದು ದಿನ ನಿಲ್ಲಿಸಿ ಕೆಳಗೆ ಛತ್ತು ನೋಡಿ. ಇಡೀ ಮಾಳಿಗೆಗೆ ಒಂದಿಂಚು ನಿಲ್ಲಿಸಲು 2,300 ಲೀಟರಿಗೂ ಹೆಚ್ಚು ನೀರು ಬೇಕು; ಮಾರ್ಚಿನಲ್ಲಿ ಅಷ್ಟು ನೀರು ಯಾರಿಗೂ ಸಿಗುವುದಿಲ್ಲ. ನಾಲ್ಕು ಭಾಗ ಮಾಡಿ ಅದೇ ನೀರನ್ನು ಒಂದರಿಂದ ಇನ್ನೊಂದಕ್ಕೆ ದೂಡಿದರೆ 600 ಲೀಟರಿನಲ್ಲಿ ಪರೀಕ್ಷೆ ಮುಗಿಯುತ್ತದೆ. ಬಟ್ಟೆ ತೆಗೆದು ನೀರು ಬಿಟ್ಟ ಅರ್ಧ ತಾಸಿನ ಮೇಲೂ ಎಲ್ಲಿ ನೀರು ನಿಂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ವಾಟ 100ಕ್ಕೆ 1 ಇರಬೇಕು, ಅಂದರೆ ಎಂಟಡಿಗೆ ಒಂದಿಂಚು. ಟ್ಯೂಬ್ ಲೆವಲ್‌ನಿಂದ (ನೀರು ತುಂಬಿದ ಪಾರದರ್ಶಕ ಕೊಳವೆ) ನೀವೇ ಅಳೆಯಬಹುದು.

ತಗ್ಗು ತುಂಬುವಾಗ ತೆಳ್ಳಗೆ ಸಿಮೆಂಟ್ ಎಳೆದರೆ ಒಂದೇ ಬೇಸಿಗೆಯಲ್ಲಿ ಸಿಪ್ಪೆ ಏಳುತ್ತದೆ. ಮುಕ್ಕಾಲು ಇಂಚಿಗಿಂತ ತೆಳ್ಳಗಿದ್ದರೆ 1 ಪಾಲು ಸಿಮೆಂಟು, 3 ಪಾಲು ಜರಡಿ ಹಿಡಿದ ಉಸುಕಿಗೆ ಎಸ್‌ಬಿಆರ್ ಲೇಟೆಕ್ಸ್ (ಕೃತಕ ರಬ್ಬರಿನ ಹಾಲು) ಕೂಡಿಸಬೇಕು. ಹಳೆಯ ಮೈಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೋಯಿಸಿ, ಲೇಟೆಕ್ಸ್-ಸಿಮೆಂಟಿನ ತೆಳು ಸಾರು ಬಳಿದು, ಅದು ಅಂಟಂಟಾಗಿ ಇರುವಾಗಲೇ ಗಿಲಾಯಿ (ಕಲಸಿದ ಸಿಮೆಂಟು-ಉಸುಕು) ಹಾಕಬೇಕು. ಸಾರು ಒಣಗಿದ ಮೇಲೆ ಹಾಕಿದರೆ ಅದೇ ಬಿಡಿಸುವ ಪದರವಾಗಿಬಿಡುತ್ತದೆ.

ಬಿರುಕುಗಳಲ್ಲಿ ಎರಡು ಜಾತಿ. ಒಣಗುವಾಗ ಬಿದ್ದ ಕೂದಲೆಳೆ ಬಿರುಕು ಅಲ್ಲೇ ಇರುತ್ತದೆ, ಬೆಳೆಯುವುದಿಲ್ಲ. ಅದನ್ನು ಉಳಿಯಿಂದ 'ವಿ' ಆಕಾರಕ್ಕೆ ಸುಮಾರು 10 ಮಿಮೀ ಆಳ ಕಡಿದು, ಧೂಳು ಊದಿ, ಮೇಲಿನ ಲೇಟೆಕ್ಸ್ ಗಿಲಾಯಿ ತುಂಬಿದರೆ ಸಾಕು. ಇನ್ನೊಂದು ಅಲುಗಾಡುವ ಬಿರುಕು: ಮಾಳಿಗೆ ಹಾಗೂ ಪ್ಯಾರಾಪೆಟ್ ಗೋಡೆ ಕೂಡುವಲ್ಲಿ ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುವಂಥದು. ಇದಕ್ಕೆ ಸಿಮೆಂಟು ತುಂಬಿದರೆ ಪಕ್ಕದಲ್ಲೇ ಹೊಸದು ಬೀಳುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಮುಂಜಾನೆ ಮತ್ತು ಇಳಿಹೊತ್ತು ಅಳೆದರೆ ಯಾವ ಜಾತಿ ಎಂಬುದು ಗೊತ್ತಾಗುತ್ತದೆ. ಅಲುಗಾಡುವುದಕ್ಕೆ ಪಾಲಿಯುರೆಥೇನ್ ಸೀಲೆಂಟು, ಅದರ ಮೇಲೆ ಮೂಲೆಯುದ್ದಕ್ಕೂ ಎರಡಿಂಚಿನ ಗೋಲಾ (ಮೂಲೆ ದುಂಡಗಾಗಿಸುವ ಗಿಲಾಯಿ). ಮೂಲೆ ಚೂಪಾಗಿ ಉಳಿದರೆ ಕಸ ಅಲ್ಲೇ ಕೂತು ತೇವ ಹಿಡಿಯುತ್ತದೆ, ಕೊಳವೆಗೆ ಹರಿಯುವುದಿಲ್ಲ.

ಡಾಂಬರು ಹಾಳೆ ಅಥವಾ ಡಾಂಬರಿನ ಕೋಟಿಂಗ್ ಈಗಾಗಲೇ ಹಾಕಿಸಿದ ಮಾಳಿಗೆಯ ನೀರನ್ನು ಬಾಯಿಗೆ ಹಾಕುವ ಯೋಚನೆ ಬಿಡಿ. ತೋಟಕ್ಕೆ, ಸಂಡಾಸಿಗೆ ಸರಿ.

ಸುಣ್ಣ

ಪೇಟೆಯಲ್ಲಿ ತಂಪು ಮಾಳಿಗೆಯ ಪೇಂಟು ಹಲವು ಬಗೆಯದು ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ನಾನು ಸುಣ್ಣವನ್ನೇ ಆಯ್ದುಕೊಳ್ಳಲು ಕಾರಣ ಎರಡು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು ನಮಗೆ ಹತ್ತಿರ, ಮತ್ತು ಸವೆದರೂ ಅದರಿಂದ ಪ್ಲಾಸ್ಟಿಕ್ಕಿನ ಚೂರು ನೀರಿಗೆ ಇಳಿಯುವುದಿಲ್ಲ. ಆದರೆ ಪ್ರತಿ ಎರಡು ವರ್ಷಕ್ಕೊಮ್ಮೆಯಾದರೂ ಮತ್ತೆ ಬಳಿಯಬೇಕು. ಅದಕ್ಕೆ ಬೇಸರವಾದರೆ ಒಡೆದ ಬಿಳಿ ಟೈಲ್ಸಿನ ಚೂರು ಕೂಡಿಸಿದ ಹಾಸು ಹಾಕಿಸಿ. ಟೈಲ್ಸ್ ಅಂಗಡಿಯಲ್ಲಿ ಎಸೆಯುವ ಚೂರೇ ಸಾಕು.

ಮಧ್ಯಾಹ್ನದ ಬಿಸಿಲಿಗೆ ಕಪ್ಪಗಾದ ಬರೀ ಸಿಮೆಂಟಿನ ಮಾಳಿಗೆ 55-60 ಡಿಗ್ರಿ ಮುಟ್ಟುತ್ತದೆ. ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಸರಿಯಾಗಿ ಸುಣ್ಣ ಬಳಿದ ಮೇಲೆ ಮೇಲ್ಮೈ 15 ಡಿಗ್ರಿಯಷ್ಟು ಇಳಿಯುತ್ತದೆ, ಕೆಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಫರಕು. ಲಾಭ ಹೆಚ್ಚು ಕಾಣುವುದು ರಾತ್ರಿ: ದಿನವಿಡೀ ಕುಡಿದ ಶಾಖವನ್ನು ಸ್ಲ್ಯಾಬು ರಾತ್ರಿ ಹನ್ನೆರಡರವರೆಗೆ ಕೋಣೆಗೆ ಬಿಡುತ್ತಿರುತ್ತದಲ್ಲ, ಅದು ಕಡಿಮೆಯಾಗುತ್ತದೆ.

ಬೇಕಾಗುವುದು 20 ಕೆಜಿ ಸುಟ್ಟ ಸುಣ್ಣದ ಹರಳು. ಹಗುರವಾಗಿ, ಗಟ್ಟಿ ಉಂಡೆಯಾಗಿರಬೇಕು. ತಾನೇ ಪುಡಿಯಾಗಿದ್ದರೆ ಗಾಳಿಯ ತೇವ ಕುಡಿದು ಸತ್ತಿದೆ ಅಂತ ಅರ್ಥ. ಚೀಲದಲ್ಲಿ ಬರುವ ಪುಡಿ ಸುಣ್ಣವನ್ನೂ ಬಳಸಬಹುದು, ಆದರೆ ಸುಣ್ಣವೆಂದು ಚಾಕ್ ಪುಡಿ ಕೊಡುವ ಅಂಗಡಿಗಳಿವೆ. ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಒಂದು ಚಿಟಿಕೆ ಪುಡಿಗೆ ಲಿಂಬೆರಸ ಹಿಂಡಿ: ಬುರುಬುರು ನೊರೆ ಬಂದರೆ ಅದು ಚಾಕು, ಇಲ್ಲವೇ ಹಳಸಿ ಚಾಕ್ ಆಗಿಹೋದ ಸುಣ್ಣ. ಇನ್ನೊಂದು ಚಿಟಿಕೆಯನ್ನು ನೀರಿನಲ್ಲಿ ಕದಡಿ ಅರಿಷಿಣ ಬೆರೆಸಿ: ಕುಂಕುಮದಂತೆ ಕೆಂಪಗಾದರೆ ಜೀವಂತ ಸುಣ್ಣ.

ಕುದಿಸುವುದು ಕಬ್ಬಿಣದ ಡ್ರಮ್ಮಿನಲ್ಲಿ. ತೆಳು ಪ್ಲಾಸ್ಟಿಕ್ ಬಕೆಟ್ ಆ ಶಾಖಕ್ಕೆ ಮೆತ್ತಗಾಗಿ ಕೂತುಬಿಡುತ್ತದೆ. ಡ್ರಮ್ಮಿಗೆ ಮೊದಲು 60 ಲೀಟರ್ ನೀರು ಹಾಕಿ, ಆಮೇಲೆ ಹರಳನ್ನು ನಾಲ್ಕೈದು ಕಿಲೋದಂತೆ ಇಳಿಬಿಡಿ. ಹರಳಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಬೇಕೇ ಬೇಕು, ಮಕ್ಕಳು ದೂರ. ಕಣ್ಣಿಗೆ ಬಿದ್ದರೆ ಉಜ್ಜದೆ ಕಾಲು ತಾಸು ಹರಿಯುವ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ. ಕುದಿತ ನಿಂತ ಮೇಲೆ ಉದ್ದ ಕೋಲಿನಿಂದ ಕಲಕಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಒಂದು ದಿನ ಬಿಡಿ. ಎರಡು ದಿನ ಬಿಟ್ಟರೆ ಇನ್ನೂ ನುಣುಪು. ನಂತರ ಕೆಜಿಗೆ 5 ಲೀಟರ್ ಲೆಕ್ಕದಲ್ಲಿ ಒಟ್ಟು 100 ಲೀಟರ್ ಆಗುವಷ್ಟು ನೀರು ಕೂಡಿಸಿ, ಹಳೆಯ ಕಾಟನ್ ಸೀರೆಯಲ್ಲಿ ಸೋಸಿ. ಸೋಸದಿದ್ದರೆ ಕುದಿಯದೆ ಉಳಿದ ಹರಳುಗಳು ಮಾಳಿಗೆಯ ಮೇಲೆ ತೇವ ಕುಡಿದು ಅರಳಿ, ಅಲ್ಲಲ್ಲಿ ಪದರ ಹಾರಿಸುತ್ತವೆ.

ಇದಕ್ಕೆ ಏನೇನು ಕೂಡಿಸಬೇಕು ಅಂತ ಒಬ್ಬೊಬ್ಬರದು ಒಂದೊಂದು ಹೇಳಿಕೆ. ಗೋಡೆಗೆ ಹಾಕುವಂತೆ ಉಪ್ಪು ಹಾಕಬೇಡಿ: ಉಪ್ಪಿನ ಕ್ಲೋರೈಡು ಬಿರುಕಿನಿಂದ ಇಳಿದು ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನೀಲಿಯೂ ಬೇಡ. ಕಣ್ಣಿಗೆ ಬೆಳ್ಳಗೆ ಕಂಡರೂ ಅದು ಬೆಳಕನ್ನು ನುಂಗುವ ಬಣ್ಣ, ಮಾಳಿಗೆ ತಂಪಾಗಲು ಬಳಿಯುವವರಿಗೆ ಅದರಿಂದ ನಷ್ಟವೇ. ಬಡಗಿಯ ಬಿಳಿ ಅಂಟು ಒಣಗಿದಾಗ ಗಟ್ಟಿ ಕಂಡರೂ ನೀರು ನಿಂತರೆ ಮತ್ತೆ ಮೆತ್ತಗಾಗುತ್ತದೆ. ಜೂನಿನಲ್ಲಿ ಹಾಳೆಯಾಗಿ ಏಳುತ್ತದೆ. ನಾನು ಮೊದಲೆರಡು ಕೋಟಿಗೆ ಬರೀ ಸುಣ್ಣ ಹಾಕಿ, ಮೂರನೆಯದಕ್ಕೆ ಮಾತ್ರ 10 ಲೀಟರ್ ಸುಣ್ಣದ ಹಾಲಿಗೆ 1 ಕೆಜಿ ಬಿಳಿ ಸಿಮೆಂಟು ಬೆರೆಸುತ್ತೇನೆ. ಬೆರೆಸಿದ್ದನ್ನು ತಾಸಿನೊಳಗೆ ಬಳಿದು ಮುಗಿಸಬೇಕು. ಬಕೆಟ್ಟಿನ ತಳ ಆಗಾಗ ಕಲಕುತ್ತಿರಬೇಕು.

ಬಳಿಯುವುದರಲ್ಲಿ ಎಡವಟ್ಟಾಗುವುದು ಹೊತ್ತಿನಿಂದ. ಸುಣ್ಣ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತೇವ ಬೇಕು. 38 ಡಿಗ್ರಿ ಬಿಸಿಲಿನಲ್ಲಿ ಕಾದ ಸ್ಲ್ಯಾಬಿನ ಮೇಲೆ ಬಳಿದರೆ ಹತ್ತು ನಿಮಿಷಕ್ಕೆ ನೀರು ಆವಿಯಾಗಿ, ಕೈಗೆ ಹತ್ತುವ ಬರೀ ಪುಡಿ ಉಳಿಯುತ್ತದೆ. ಐದು ಗಂಟೆ ದಾಟಿದ ಮೇಲೆ ಮಾಳಿಗೆಯನ್ನು ತೋಯಿಸಿ, ನೀರು ಹೊಳೆಯುವುದು ನಿಂತ ಕೂಡಲೇ ಮೆತ್ತನೆಯ ಕಸಬರಿಗೆ ಅಥವಾ ಅಗಲ ನಾರಿನ ಬ್ರಷ್ಷಿನಿಂದ ಬಳಿಯಿರಿ. ಪ್ರತಿ ಕೋಟು ಹಾಲಿನಷ್ಟು ತೆಳ್ಳಗಿರಲಿ, ಬಳಿದಾಗ ಕೆಳಗಿನ ಸಿಮೆಂಟು ಕಾಣುತ್ತಿರಬೇಕು, ಬೆಳಗಾಗುವಷ್ಟರಲ್ಲಿ ಬೆಳ್ಳಗಾಗುತ್ತದೆ. ದಪ್ಪ ಬಳಿದರೆ ಕೆರೆಯ ಕೆಸರಿನಂತೆ ಬಿರಿಯುತ್ತದೆ. ಒಂದು ಕೋಟಿಗೆ 25ರಿಂದ 30 ಲೀಟರ್ ಹೋಗುತ್ತದೆ. ಕೋಟಿಗೂ ಕೋಟಿಗೂ ಒಂದು ದಿನ ಅಂತರ ಬಿಟ್ಟು, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಡ್ಡ ಎಳೆಯಿರಿ. ಕೊನೆಯ ಕೋಟಿನ ನಂತರ ಮೂರು ದಿನ ಮುಂಜಾನೆ, ಸಂಜೆ ನೀರು ಚಿಮುಕಿಸಿ. ಬಟ್ಟೆ ಒಗೆದ ನೀರು ಇದಕ್ಕೆ ನಡೆಯುವುದಿಲ್ಲ, ಸಾಬೂನು ಪದರವನ್ನು ಬಿಡಿಸುತ್ತದೆ.

ಶ್ಯಾವಿಗೆ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಮನೆಯಾದರೆ ಒಂದು ಮೂಲೆ ಬಿಟ್ಟುಬಿಡಿ. ಎಷ್ಟೇ ಗಟ್ಟಿಯಾದರೂ ಸುಣ್ಣ ಮೊದಲ ವರ್ಷ ಸ್ವಲ್ಪ ಹತ್ತುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ.

ಪೈಪು ಮತ್ತು ಮೊದಲ ಮಳೆ

ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ 750 ಮಿಮೀಗೆ ಹತ್ತಿರ ಹತ್ತಿರ, ಗದಗಿನಲ್ಲಿ 600ರ ಆಸುಪಾಸು ಮಳೆ. 93 ಚದರ ಮೀಟರಿನ ಮೇಲೆ 1 ಮಿಮೀ ಬಿದ್ದರೆ 93 ಲೀಟರ್. ಆರಿದ್ದು, ಸಿಡಿದದ್ದು, ಬಿಟ್ಟದ್ದು ಕಳೆದು 80 ಪ್ರತಿಶತ ಹಿಡಿದರೆ 74 ಲೀಟರ್ ಕೈಗೆ. ಧಾರವಾಡಕ್ಕೆ ವರ್ಷಕ್ಕೆ 55,000 ಲೀಟರ್, ಗದಗಿಗೆ 44,000 ಲೀಟರ್.

ಆದರೆ ಪೈಪು ಆರಿಸುವಾಗ ವರ್ಷದ ಲೆಕ್ಕ ನೋಡಬಾರದು, ಅಡ್ಡಮಳೆಯ ಅಬ್ಬರ ನೋಡಬೇಕು. ಗುಡುಗಿನ ಮಳೆ ತಾಸಿಗೆ 75 ಮಿಮೀ ವೇಗದಲ್ಲಿ ಹೊಡೆದರೆ 4 ಇಂಚಿನ ಒಂದು ಪೈಪು ಸುಮಾರು 57 ಚದರ ಮೀಟರಿನ ನೀರನ್ನಷ್ಟೇ ಇಳಿಸುತ್ತದೆ. ಆದ್ದರಿಂದ 1000 ಚದರಡಿಗೆ 110 ಎಂಎಂ ಪೈಪು ಎರಡು ಬೇಕು. ಒಂದೇ ಇರುವ ಮನೆಗಳಲ್ಲಿ ಕಟ್ಟೆಗೆ ನೀರು ನಿಂತು ಪ್ಯಾರಾಪೆಟ್ ಮೂಲೆಯಿಂದ ಇಳಿಯುವುದಕ್ಕೆ ಇದೇ ಕಾರಣ. ವಾಟರ್‌ಪ್ರೂಫಿಂಗಿಗೆ ಖರ್ಚು ಮಾಡುವುದಕ್ಕಿಂತ ಇನ್ನೊಂದು ತೂತು ಹೊಡೆಸುವುದು ಒಳ್ಳೆಯದು. ರಬ್ಬರ್ ರಿಂಗಿನ ಎಸ್‌ಡಬ್ಲ್ಯೂಆರ್ ಪೈಪು (ಹೊಲಸು ನೀರು, ಮಳೆನೀರು ಇಳಿಸುವ ಪಿವಿಸಿ ಪೈಪು) ತೆಗೆದುಕೊಳ್ಳಿ. ಪೂರ್ತಿ ಒಳಗೆ ತಳ್ಳಿ ಗುರುತು ಹಾಕಿ, 10 ಮಿಮೀ ಹಿಂದಕ್ಕೆಳೆದು ಬಿಡಬೇಕು. ಪಡುವಣ ಗೋಡೆಯ ಬಿಸಿಲಿಗೆ ಪೈಪು ಹಿಗ್ಗಲು ಆ ಜಾಗ ಬೇಕು, ಇಲ್ಲದಿದ್ದರೆ ಬಿಲ್ಲಿನಂತೆ ಬಾಗಿ ಕ್ಲ್ಯಾಂಪು ಕೀಳುತ್ತದೆ. ಮಾಳಿಗೆಯ ಬಾಯಿಗೆ ಚಪ್ಪಟೆ ಜಾಳಿಗೆ ಹಾಕಿದರೆ ಬೇವಿನ ಎರಡು ಎಲೆ ಸಾಕು ಮುಚ್ಚಲು; ಗುಮ್ಮಟದಂತೆ ಎದ್ದಿರುವುದನ್ನು ಹಾಕಿ. ಮಳೆನೀರಿನ ಪೈಪನ್ನು ಒಳಚರಂಡಿಗೆ ಕೊಡಬಾರದು. ಮಳೆಗಾಲದಲ್ಲಿ ಓಣಿಯ ಮ್ಯಾನ್‌ಹೋಲು ಉಕ್ಕುವುದು ಹೀಗೆ ಕೊಟ್ಟವರಿಂದಲೇ.

ಮೊದಲ ಮಳೆಯ ನೀರನ್ನು ಬಿಡಲು ಪ್ಲಂಬರುಗಳು ಪೈಪಿನ ಕೆಳಗೆ ಎರಡಡಿ ತುಂಡು ಮತ್ತು ಒಂದು ಮುಚ್ಚಳ ಕೂಡಿಸಿಕೊಡುತ್ತಾರೆ. 110 ಎಂಎಂ ಪೈಪಿನ ಒಂದು ಮೀಟರಿನಲ್ಲಿ ಹಿಡಿಯುವುದೇ ಎಂಟೂವರೆ ಲೀಟರ್. ಎರಡಡಿ ಅಂದರೆ ಐದು ಲೀಟರು. ಮಾಳಿಗೆಯ ಎರೆ ಧೂಳು, ಪಾರಿವಾಳದ ಹಿಕ್ಕೆ ಇಳಿಯಲು ಕನಿಷ್ಠ 1 ಮಿಮೀ, ಸುಣ್ಣ ಬಳಿದ ವರ್ಷ 2 ಮಿಮೀ ಮಳೆ ಬಿಡಬೇಕು: 93ರಿಂದ 186 ಲೀಟರ್. ಅದಕ್ಕೆ ಮುಚ್ಚಳವಿರುವ 200 ಲೀಟರಿನ ಡ್ರಮ್ಮೇ ಬೇಕು. ಎರಡೂ ಪೈಪುಗಳನ್ನು ಕೆಳಗೆ 160 ಎಂಎಂ ಅಡ್ಡ ಪೈಪಿಗೆ ಕೂಡಿಸಿ, ಅದರಲ್ಲಿ 'ಟಿ' ಹಾಕಿ. ಟಿಯ ಕೆಳಬಾಯಿ ಡ್ರಮ್ಮಿಗೆ, ನೇರ ಬಾಯಿ ಫಿಲ್ಟರಿಗೆ. ಡ್ರಮ್ಮು ತುಂಬುತ್ತಿದ್ದಂತೆ ಒಳಗಿನ ಪ್ಲಾಸ್ಟಿಕ್ ಚೆಂಡು ತೇಲಿ ಬಾಯಿ ಮುಚ್ಚುತ್ತದೆ, ಆಮೇಲಿನ ನೀರು ಫಿಲ್ಟರಿಗೆ ಹರಿಯುತ್ತದೆ. ಚೆಂಡು ಬಾಯಿಗಿಂತ ಎರಡಿಂಚಾದರೂ ದೊಡ್ಡದಿರಲಿ, ಬಾಯಿಯ ಅಂಚಿಗೆ ಒಂದು ರಬ್ಬರ್ ರಿಂಗು ಕೂಡಿಸಿ. ಹಗುರವಾದ ಆಟಿಕೆ ಚೆಂಡು ಬಿಸಿಗೆ ಆಕಾರ ಕೆಟ್ಟು ಸಿಕ್ಕಿಕೊಳ್ಳುತ್ತದೆ.

ಈ ಡ್ರಮ್ಮು ತಾನೇ ಖಾಲಿಯಾಗಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಇದ್ದೂ ಇಲ್ಲದಂತೆ. ಹೊಲಕ್ಕೆ ಹಾಕುವ ಡ್ರಿಪ್ಪಿನ ಎಮಿಟರ್ (ನೀರು ತೊಟ್ಟಿಕ್ಕಿಸುವ ಬಾಯಿ) ಜೋಡಿಸುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ. ಅದರ ಮೇಲೆ ಬರೆದ ತಾಸಿಗೆ 8 ಲೀಟರ್ ಎಂಬುದು 1 ಬಾರ್ ಒತ್ತಡದ ಲೆಕ್ಕ. ಮೂರಡಿ ಡ್ರಮ್ಮಿನ ಒತ್ತಡಕ್ಕೆ ಮೂರನೇ ಒಂದು ಪಾಲೂ ಬರುವುದಿಲ್ಲ, ಡ್ರಮ್ಮು ಖಾಲಿಯಾಗಲು ವಾರವೇ ಬೇಕು. ತಳದ ಮುಚ್ಚಳಕ್ಕೆ 2 ಎಂಎಂ ಡ್ರಿಲ್ಲಿನಿಂದ ಒಂದೇ ತೂತು ಹೊಡೆದರೆ ತುಂಬಿದ ಡ್ರಮ್ಮು ಹದಿನೈದು ತಾಸಿಗೆ ಹತ್ತಿರ ಖಾಲಿಯಾಗುತ್ತದೆ. ಮಳೆ ಸುರಿಯುವಾಗ ಆ ತೂತಿನಿಂದ ಹೋಗುವುದು ತಾಸಿಗೆ 28 ಲೀಟರಿನಷ್ಟು, ಲೆಕ್ಕಕ್ಕಿಲ್ಲ. ತೂತಿನ ಒಳಬದಿಗೆ ಸೊಳ್ಳೆ ಜಾಳಿಗೆಯ ಸಣ್ಣ ಚೀಲ ಕಟ್ಟಿ, ಪ್ರತಿ ದೊಡ್ಡ ಮಳೆಯ ನಂತರ ತಂತಿಯಿಂದ ಚುಚ್ಚಿ ನೋಡಿ. ಬಿದ್ದ ನೀರು ಬಾಳೆಗಿಡಕ್ಕೆ.

ಸುಣ್ಣ ಬಳಿದ ವರ್ಷ ಫಿಲ್ಟರಿಗೆ ಜೋಡಿಸುವ ಮೊದಲು ಪೈಪಿನಿಂದ ಬೀಳುವ ನೀರನ್ನು ಗ್ಲಾಸಿನಲ್ಲಿ ಹಿಡಿದು ಚಿಟಿಕೆ ಅರಿಷಿಣ ಹಾಕಿ. ಹಳದಿಯಾಗೇ ಉಳಿದರೆ ಜೋಡಿಸಿ. ಕೆಂಪಿಗೆ ತಿರುಗಿದರೆ ಸುಣ್ಣ ಇನ್ನೂ ಇಳಿಯುತ್ತಿದೆ, ಇನ್ನೊಂದು ಮಳೆ ಹೋಗಲಿ. ಪಿಎಚ್ ಕಾಗದವಿದ್ದರೆ 8.5ಕ್ಕಿಂತ ಕೆಳಗಿರಬೇಕು.

ಫಿಲ್ಟರು ಇನ್ನೊಂದು 200 ಲೀಟರಿನ ಡ್ರಮ್ಮು. ತಳದಲ್ಲಿ 40 ಎಂಎಂ ಖಡಿ (ಜಲ್ಲಿ) ಎಂಟಿಂಚು, ಅದರ ಮೇಲೆ 20 ಎಂಎಂ ಖಡಿ ಆರಿಂಚು, ನೈಲಾನ್ ಜಾಳಿಗೆ, ಮೇಲೆ ದಪ್ಪ ಉಸುಕು ಎಂಟಿಂಚು. ಉಳಿದ ಒಂದಡಿ ಖಾಲಿ. ಎಲ್ಲವನ್ನೂ ನೀರು ತಿಳಿಯಾಗುವವರೆಗೆ ತೊಳೆದು ಹಾಕಬೇಕು. ಗಿಲಾಯಿಗೆ ಜರಡಿ ಹಿಡಿದ ನುಣ್ಣನೆಯ ಉಸುಕು ಹಾಕುವುದೇ ಫಿಲ್ಟರು ಉಕ್ಕಲು ಮುಖ್ಯ ಕಾರಣ. 50 ಮಿಮೀ ವೇಗದ ಮಳೆಗೆ ತಾಸಿಗೆ 4,600 ಲೀಟರ್ ನೀರು ಬರುತ್ತದೆ, ಡ್ರಮ್ಮಿನ ಬಾಯಿ ಕಾಲು ಚದರ ಮೀಟರು ಮಾತ್ರ. ಜರಡಿಯ ಮೇಲೆ ಉಳಿದ 2ರಿಂದ 4 ಎಂಎಂ ಕಾಳುಗಳನ್ನೇ ಆರಿಸಿ ಹಾಕಿ. ಇದ್ದಿಲು ಹಾಕುವ ರೂಢಿಯಿದೆ. ಪ್ರತಿ ವರ್ಷ ಬದಲಿಸದಿದ್ದರೆ ಅದೇ ಕೊಳೆ ಹಿಡಿಯುವ ಗೂಡು, ನಾನು ಹಾಕುವುದಿಲ್ಲ.

ಟ್ಯಾಂಕು, ಎರೆ ಮಣ್ಣು, ಹೆಚ್ಚಾದ ನೀರು

ನಳದ ನೀರಿನ ಸಂಪಿಗೇ ಮಳೆನೀರು ಬಿಡುವುದು ಸುಲಭ, ಸರಿಯಲ್ಲ. ಕ್ಲೋರಿನ್ ಹಾಕಿ ಬಂದ ನೀರಿಗೆ ಮಾಳಿಗೆಯ ನೀರು ಬೆರೆತರೆ ಎರಡೂ ಕುಡಿಯಲು ಅನುಮಾನ. ಬೇರೆ ಟ್ಯಾಂಕೇ ಇಡಿ.

ಎಷ್ಟು ದೊಡ್ಡದು? 2,000 ಲೀಟರಿನ ಟ್ಯಾಂಕು 27 ಮಿಮೀ ಮಳೆಗೆ ತುಂಬುತ್ತದೆ. ಧಾರವಾಡದಲ್ಲಿ ಜೂನಿನಿಂದ ಆಗಸ್ಟಿನವರೆಗೆ ಜಿಟಿಜಿಟಿ ಹಿಡಿದರೆ ದಿನಕ್ಕೆ ಐದಾರು ಮಿಮೀ, ಅಂದರೆ 400 ಲೀಟರಿನ ಹತ್ತಿರ. ನಾಲ್ಕು ಜನರ ಮನೆಯ ಸ್ನಾನ, ಬಟ್ಟೆ, ಭಾಂಡೆಗೆ ಸರಿಸಮ. ಇಲ್ಲಿ ಸಣ್ಣ ಟ್ಯಾಂಕು ಇಟ್ಟು ದಿನಾ ಬಳಸಿ ಖಾಲಿ ಮಾಡುವುದೇ ಜಾಣತನ, ಕೂಡಿಟ್ಟವರ ಟ್ಯಾಂಕು ತುಂಬಿ ಚೆಲ್ಲುತ್ತಿರುತ್ತದೆ. ಗದಗು, ರೋಣ, ನರಗುಂದದ ಕಡೆ ಹಾಗಲ್ಲ. ಅಲ್ಲಿ ಮುಂಗಾರು ತೆಳುವು, ಸೆಪ್ಟೆಂಬರು-ಅಕ್ಟೋಬರಿನಲ್ಲಿ ಕೆಲವೇ ದೊಡ್ಡ ಮಳೆ. ಅಲ್ಲಿಗೆ 5,000 ಲೀಟರಿಗಿಂತ ಕಡಿಮೆ ಇಟ್ಟರೆ ಅರ್ಧ ನೀರು ಗಟಾರಕ್ಕೆ. ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವ ಮುಂಡರಗಿಯಂಥ ಕಡೆ ಅಡುಗೆಗೆ ಮಳೆನೀರು ಕೂಡಿಡುವುದಕ್ಕೆ ಇನ್ನೂ ಬೆಲೆ ಹೆಚ್ಚು. ಮಳೆನೀರು ಮೃದು, ತೊಗರಿಬೇಳೆ ಬೇಗ ಬೇಯುತ್ತದೆ. ಮನೆಯವರು ಈ ಕೆಲಸಕ್ಕೆ ಒಪ್ಪುವುದು ಹೆಚ್ಚಾಗಿ ಈ ಬೇಳೆಯಿಂದ.

2,000 ಲೀಟರ್ ಅಂದರೆ ಎರಡು ಟನ್ ಭಾರ. ಎರೆ ಮಣ್ಣಿನ ಮೇಲೆ ನೇರ ಕಟ್ಟೆ ಕಟ್ಟಿದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿದು ಟ್ಯಾಂಕು ವಾಲುತ್ತದೆ, ವಾಲಿದ ಬದಿಗೆ ಪೈಪಿನ ಜೋಡಣೆ ಒಡೆಯುತ್ತದೆ. ಟ್ಯಾಂಕಿಗಿಂತ ಒಂದಡಿ ಅಗಲ ಹೆಚ್ಚಿಟ್ಟು ಎರಡಡಿ ಆಳ ಎರೆ ತೆಗೆದುಹಾಕಿ, ಗರಸು (ಹರಳು ಬೆರೆತ ಗಟ್ಟಿ ಮಣ್ಣು) ತುಂಬಿ. ಆರಾರು ಇಂಚಿಗೊಮ್ಮೆ ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು (ಬಡಿದು ಗಟ್ಟಿ ಮಾಡಬೇಕು). ಒಂದೇ ಸಲ ತುಂಬಿ ಮೇಲೆ ಬಡಿದರೆ ಕೆಳಗೆ ಪೊಳ್ಳು. ಮೇಲೆ ನಾಲ್ಕಿಂಚು ಕಾಂಕ್ರೀಟು, ಅದರ ಮೇಲೆ ಬಕೆಟ್ ಹಿಡಿಯುವಷ್ಟು ಎರಡಡಿ ಕಟ್ಟೆ. ನಳವನ್ನು ತಳದಿಂದ ನಾಲ್ಕಿಂಚು ಮೇಲೆ ಕೂಡಿಸಿದರೆ ಕೆಳಗಿನ ಗಾದು ಬಕೆಟ್ಟಿಗೆ ಬರುವುದಿಲ್ಲ. ಟ್ಯಾಂಕು ಕಪ್ಪಗಿದ್ದರೆ ಪಾಚಿ ಕಟ್ಟುವುದಿಲ್ಲ. ಗಾಳಿಕೊಳವೆಗೂ ತುಂಬಿ ಹರಿಯುವ ಬಾಯಿಗೂ 1 ಎಂಎಂಗಿಂತ ಸಣ್ಣ ಕಣ್ಣಿನ ಜಾಳಿಗೆ ಕಟ್ಟದಿದ್ದರೆ ಡೆಂಗೀ ಸೊಳ್ಳೆಗೆ ನೀವೇ ಮನೆ ಕಟ್ಟಿಕೊಟ್ಟಂತೆ.

ತುಂಬಿ ಹರಿಯುವ ಪೈಪು ಒಳಬರುವ ಪೈಪಿನಷ್ಟೇ ದೊಡ್ಡದಿರಬೇಕು. ಈ ನೀರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನೆಲ ನೋಡದೆ ಉತ್ತರವಿಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ನೀರು ಇಳಿಯುತ್ತದೆ; ಬುನಾದಿಯಿಂದ ಹತ್ತಡಿ ದೂರ ಇಂಗುಗುಂಡಿ ತೆಗೆದರೆ ಫಲವಿದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ, ಅಣ್ಣಿಗೇರಿ, ನವಲಗುಂದ, ಗದಗಿನತನಕ ಎರೆ. ಒಣಗಿದಾಗ ಬಿರುಕಿನಲ್ಲಿ ಕೈ ತೂರಿಸಬಹುದು, ಎರಡು ಮಳೆಗೆ ಬಿರುಕು ಮುಚ್ಚಿ ನೀರು ಕೆಳಗಿಳಿಯುವುದೇ ನಿಂತುಹೋಗುತ್ತದೆ. ಅಲ್ಲಿ ಇಂಗುಗುಂಡಿ ಅಂದರೆ ಕೊಳೆಯುವ ಹೊಂಡ. ಬಾವಿ ಅಥವಾ ಗುಂಡಿ ತೋಡಿದಾಗ ಎರೆಯ ಕೆಳಗೆ ಗರಸು ಎಷ್ಟು ಆಳಕ್ಕೆ ಸಿಕ್ಕಿತೆಂದು ನೆರೆಯವರನ್ನು ಕೇಳಿ. ಆರೇಳು ಅಡಿಯೊಳಗೆ ಸಿಕ್ಕರೆ ಗುಂಡಿಯನ್ನು ಗರಸಿನವರೆಗೆ ಇಳಿಸಿ ಖಡಿ ತುಂಬಬಹುದು. ಇಲ್ಲದಿದ್ದರೆ ನೀರನ್ನು ಓಣಿಯ ಮಳೆಗಟಾರಕ್ಕೆ ಬಿಡುವುದೇ ಮನೆಗೆ ಕ್ಷೇಮ.

ಯಾಕೆಂದರೆ ಎರೆಗೆ ತೊಂದರೆ ಕೊಡುವುದು ಏಕಸಮ ಇಲ್ಲದ ತೇವ. ಮನೆಯ ಒಂದು ಮೂಲೆಗೆ ಮಾತ್ರ ನೀರು ಕುಡಿಸಿದರೆ ಆ ಮೂಲೆ ಉಬ್ಬಿ, ಉಳಿದದ್ದು ಅಲ್ಲೇ ಇದ್ದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗೋಡೆಯ ಸುತ್ತ ಮೂರಡಿ ಅಗಲದ ಫರಸಿ ಹಾಸಿ ಹೊರಗೆ ವಾಟ ಕೊಟ್ಟರೆ ಅರ್ಧ ಪಾಲು ತಪ್ಪುತ್ತದೆ. ಬಾತ್‌ರೂಮಿನ ನೀರನ್ನು ಬಾಳೆ, ಕಾಬಾಳೆಗೆ ಬಿಡುವವರೂ ಇದೇ ಹತ್ತಡಿ ಲೆಕ್ಕ ಇಟ್ಟುಕೊಳ್ಳಿ. ಬಟ್ಟೆ ಸೋಪಿನ ಪುಡಿಯ ನೀರು ಮಾತ್ರ ಎರೆಗೆ ಬೇಡ: ಅದರ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ನೀರು ಇಳಿಯದಂತೆ ಸವಳು ಮಾಡುತ್ತದೆ. ಹಳೆಯ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳ ಮಾಳಿಗೆಗೆ ಹುಡುಕಿ ತಂದು ಸವಳು ಮಣ್ಣನ್ನೇ ಹಾಕುತ್ತಿದ್ದುದು ಇದೇ ಗುಣಕ್ಕೆ. ಸೋರದ ಮಾಳಿಗೆಗೆ ಒಳ್ಳೆಯದು ಹಿತ್ತಲಿಗೆ ಕೆಟ್ಟದ್ದು.

ಕುಡಿಯುವುದಾದರೆ ಕುದಿಸಿಯೇ ಕುಡಿಯಬೇಕು. ಉಳಿದ ಬಳಕೆಗೆ 1,000 ಲೀಟರಿಗೆ 4 ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ಗಾದು ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ತಾಸು ಬಿಟ್ಟು ಬಳಸಿ. ತೆರೆದಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಹಾಕಿದರೂ ಇಲ್ಲದಂತೆ.

ಮಂಗಳೂರು ಹೆಂಚಿನ ಮನೆಗಳಿಗೆ ಪೈಪಿನ ಭಾಗವೆಲ್ಲ ಇದೇ, ಸುಣ್ಣ ಬೇಕಿಲ್ಲ. ಹೆಂಚಿನ ಪಾಚಿ ಹೆಚ್ಚಿರುವುದರಿಂದ ಪ್ರತಿ ವರ್ಷವೂ 2 ಮಿಮೀ ಬಿಡಿ. ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಸ್ ಇರುವುದರಿಂದ ಆ ನೀರು ತೋಟಕ್ಕೆ ಮಾತ್ರ. ಶೀಟನ್ನು ಒಣಗಿದಾಗ ಬ್ರಷ್ಷಿನಿಂದ ಉಜ್ಜಲೂಬಾರದು.

ಹಿಂಗಾರು ಮುಗಿದು ದೀಪಾವಳಿ ದಾಟಿದ ಮೇಲೆ ಫಿಲ್ಟರಿನ ಮೇಲಿನ ಎರಡಿಂಚು ಉಸುಕು ತೆಗೆದು ನೋಡಿ. ಸುಣ್ಣದ ಮೊದಲ ವರ್ಷ ಅದರ ಮೇಲೆ ಬಿಳಿ ಹಪ್ಪಳ ಕಟ್ಟಿರುತ್ತದೆ. ತೊಳೆದರೆ ಹೋಗುವುದಿಲ್ಲ, ಆ ಉಸುಕನ್ನು ಬದಲಿಸಬೇಕು. ಎರಡೂ ಡ್ರಮ್ಮು ಖಾಲಿ ಮಾಡಿ, ಒಣಗಿಸಿ, ಮುಚ್ಚಿಡಿ, ತೇವದ ಉಸುಕು ಆರು ತಿಂಗಳು ಮುಚ್ಚಿದರೆ ನಾರುತ್ತದೆ. ಉಳಿದ ಸುಣ್ಣದ ಮುದ್ದೆಯನ್ನು ಎಸೆಯಬೇಡಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಳ ಬಿಗಿದರೆ ಮುಂದಿನ ಹೋಳಿಯವರೆಗೆ ಇರುತ್ತದೆ, ಮತ್ತು ಹೊಸದಾಗಿ ಕುದಿಸಿದ್ದಕ್ಕಿಂತ ನುಣುಪಾಗಿ ಬಳಿಯಲು ಬರುತ್ತದೆ.